ಬನ್ನಿ ದೊರೆ

"ಮೇಡಂ, ನಿಮ್ಮ ವೆಬ್‌ಸೈಟು ಕಂಡಕಂಡವರನ್ನೆಲ್ಲ ದೊರೆ ಅಂತ ಕರೀತಾ ಇದೆ!" ಗ್ರಂಥಪಾಲಕರು ಫೋನಿನಲ್ಲಿ ನಗಬೇಕೋ ರೇಗಬೇಕೋ ತಿಳಿಯದೆ ಒದ್ದಾಡುತ್ತಿದ್ದರು. "ಗಂಡಸರೆಲ್ಲ ಖುಷಿಯಾಗೇ ಇದ್ದಾರೆ. ರಿಟೈರ್ಡ್ ಹೆಡ್‌ಮಿಸ್ಸೊಬ್ಬರು ಮಾತ್ರ ಬಂದು ನನ್ನೆದುರಿಗೇ ಕೂತುಬಿಟ್ಟಿದ್ದಾರೆ."

ಗ್ರಂಥಾಲಯದ ವೆಬ್‌ಸೈಟು ಅವಳು ಒಬ್ಬಳೇ ಕಟ್ಟಿದ ಮೊದಲ ಕೆಲಸ. ನಿನ್ನೆ ಮಧ್ಯಾಹ್ನವಷ್ಟೇ ಜನರಿಗೆ ತೆರೆದಿತ್ತು. ಕೋಡ್ ತೆಗೆದು ಆ ಸಾಲಿಗೆ ಹೋದಳು. ‘ಬನ್ನಿ’ ಎಂಬುದರ ಮುಂದೆ ಡಾಲರ್ ಗುರುತು, ಆವರಣ ಚಿಹ್ನೆ, ಅದರೊಳಗೆ ಒಂದು ವೇರಿಯಬಲ್ ಇರಬೇಕಿತ್ತು. ಯಾವ ಸದಸ್ಯರು ಲಾಗಿನ್ ಆಗಿ ಪುಟ ತೆರೆದರೂ ಅವರ ಹೆಸರು ತಾನಾಗಿ ಅಲ್ಲಿ ಬಂದು ಕೂರಬೇಕು. ಅದನ್ನು ಅಳಿಸಿ, ಸಾಲು ಹೇಗೆ ಕಾಣುತ್ತದೆಂದು ನೋಡಲು ಬಾಯಿಗೆ ಬಂದ ಪದವೊಂದನ್ನು ಹಾಕಿದ್ದಳು. ತೆಗೆಯುವುದು ಮರೆತೇಹೋಗಿತ್ತು.

ಬಾಯಿಗೆ ಬಂದ ಪದವೇನೋ ಹೌದು, ಆದರೆ ಅದು ಅವಳ ಬಾಯಿಯದಲ್ಲ. ಅಪ್ಪ ಗ್ಯಾರೇಜಿನಿಂದ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಬಂದರೆ, ಅಮ್ಮ ಬಾಗಿಲಿಗೆ ಅಡ್ಡ ನಿಂತು ಸೋಪು ಚಾಚುತ್ತಿದ್ದಳು. "ಬನ್ನಿ ದೊರೆ. ಏನನ್ನೂ ಮುಟ್ಟಬೇಡಿ ದೊರೆ." ಅಪ್ಪ ಬೇಕೆಂದೇ ಅಮ್ಮನ ಮೂಗಿನ ತುದಿಗೆ ಗ್ರೀಸಿನ ಬೊಟ್ಟೊಂದು ಇಟ್ಟೇ ಒಳಗೆ ಬರುತ್ತಿದ್ದ. ಮಕ್ಕಳು ಹೋ ಎಂದು ಕೂಗುತ್ತಿದ್ದರು. ಅಮ್ಮ ಹೋದ ಮೇಲೆ ಆ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ವೇರಿಯಬಲ್ಲನ್ನು ಅದರ ಜಾಗದಲ್ಲಿ ಕೂರಿಸಿದಳು. "ಈಗ ನೋಡಿ ಸಾರ್."

"ಹಾಂ, ಸರಿಹೋಯ್ತು. ಹೆಡ್‌ಮಿಸ್ಸೂ ಎದ್ದರು."

ಉಸಿರು ಬಿಡುವಷ್ಟರಲ್ಲಿ ಅಪ್ಪನ ಫೋನು.

"ಪುಟ್ಟೀ, ಲೈಬ್ರರಿ ಪುಟದಲ್ಲಿ ಅದನ್ನ... ನೀನೇ ಹಾಕಿದ್ದಾ?" ಅಪ್ಪನ ದನಿ ಎಂದಿಗಿಂತ ಮೆತ್ತಗಿತ್ತು. "ನಿನ್ನೆ ಸಂಜೆಯಿಂದ ಹಾಗೇ ತೆರೆದಿಟ್ಟಿದೀನಿ."

"ಅಯ್ಯೋ, ಅದು ನನ್ನ ಎಡವಟ್ಟು ಕಣಪ್ಪ! ಎಲ್ಲರಿಗೂ ಹಾಗೇ ಬಂದುಬಿಟ್ಟಿತ್ತು," ಎಂದಳು, ಇನ್ನೂ ಕೆಲಸದ ಗಡಿಬಿಡಿಯಲ್ಲೇ. "ಈಗ ಸರಿ ಮಾಡಿದೀನಿ. ರಿಫ್ರೆಶ್ ಮಾಡಿ ನೋಡು."

ಮೌಸ್ ಒತ್ತಿದ ಸದ್ದು ಕೇಳಿಸಿತು. ಆಗಲೇ ಅವಳಿಗೆ, ತಾನು ಹೇಳಿದ್ದೇನೆಂದು ಹೊಳೆದದ್ದು.

"ಹೂಂ. ನನ್ನ ಹೆಸರು ಇನಿಷಿಯಲ್ ಸಮೇತ ಬಂದಿದೆ," ಎಂದ ಅಪ್ಪ. "ಬ್ಯಾಂಕಿನವರು ಕರೆಯೋ ಹಾಗೆ."