ಅಳಿಯನ ಪಾಲು

ಮಾವ ಕೋಳಿಯ ಕಂದನಕಾಯಿಯನ್ನು ಜೊನಾಸನ ತಟ್ಟೆಗೆ ಹಾಕಿಬಿಟ್ಟರು. ಮಕೋಖನ ಕೈ ಉಗಾಲಿ ಮುದ್ದೆಯ ಮೇಲೆಯೇ ನಿಂತಿತು. ಪ್ರತಿ ಕ್ರಿಸ್‌ಮಸ್ಸಿಗೂ ಆ ತುಂಡು ಹಿರಿಯಳಿಯನಾದ ಅವನಿಗೇ ಮೀಸಲು. ಈ ಜೊನಾಸ್, ನಾದಿನಿ ನೆಲಿಮಾಳ ಬೆನ್ನು ಹಿಡಿದು ಜರ್ಮನಿಯಿಂದ ಮೊನ್ನೆ ಈ ಬುಂಗೋಮಾ ಊರಿಗೆ ಬಂದಿಳಿದವನು. ಇನ್ನೂ ಮದುವೆಯೂ ಆಗಿಲ್ಲ!

"ಅದು ಗಂಡಸರ ಪಾಲು, ತಿನ್ನಪ್ಪಾ," ಎಂದರು ಮಾವ.

"ಹೊಸಬ ಅಲ್ವಾ ಮಾವ, ಗಂಟಲಿಗೆ ಸಿಕ್ಕಾಕೊಂಡೀತು," ಎಂದು ಮಕೋಖ ಕುಟುಕಿದ.

ನೆಲಿಮಾ ಜೊನಾಸನಿಗೆ ಅವನ ಭಾಷೆಯಲ್ಲಿ ಎಲ್ಲ ತಿಳಿಸಿದಳು. ಅವನು ತಲೆಯಾಡಿಸಿ, ಅರ್ಧ ಕಚ್ಚಿ, ಉಳಿದರ್ಧ ಅವಳ ಬಾಯಿಗಿಟ್ಟ. ಆ ಮನೆಯ ಹೆಂಗಸರು ಯಾರೂ ಅದನ್ನು ತಿಂದವರಲ್ಲ. ಮಾವ ಕೆಮ್ಮಿದರು. ನೆಲಿಮಾ ನಗುತ್ತಲೇ ಅಗಿದಳು.

ಈಗ ಇದೆ ಇವನಿಗೆ ಎಂದು ಹಿಗ್ಗಿದ ಮಕೋಖ ಹೆಂಡತಿಯತ್ತ ತಿರುಗಿದ. ಬಡಿಸುತ್ತಿದ್ದ ನಸಿಮಿಯು ಸೌಟು ಹಿಡಿದು ನಿಂತುಬಿಟ್ಟಿದ್ದಳು. ಅವಳ ಕಣ್ಣು ತಂಗಿಯ ಬಾಯಿಯ ಮೇಲಿತ್ತು.

"ಹೆಂಗಿದೆಯೇ ರುಚಿ?"

"ಯಾಕಕ್ಕಾ, ಭಾವ ನಿಂಗೆ ಒಂದ್ಸಲಾನೂ ಕೊಟ್ಟಿಲ್ವಾ?"

ನಸಿಮಿಯು ಗಂಡನ ತಟ್ಟೆಗೆ ಬರೀ ಸಾರು ಸುರಿದು ಮುಂದೆ ಹೋದಳು.