ಖಾಲಿ ದಾರ

ಪಕ್ಕದ ಹತ್ತಿ ಹೊಲದ ಪ್ರಭುಲಿಂಗಪ್ಪ ಬದು ದಾಟಿ ಬಂದು, ಬೆನ್ನಿಗಿದ್ದ ಔಷಧದ ಪಂಪು ಇಳಿಸದೆಯೇ ಜೇಬಿನಿಂದ ಒಂದು ಹಾಳೆ ತೆಗೆದು ಸ್ನೇಹಾಳ ಮುಂದೆ ಹಿಡಿದ.

"ನೋಡ್ರಿ ಟೀಚರ್, ರಾಣೆಬೆನ್ನೂರಿನ ಇಂಟರ್‌ನೆಟ್ ಅಂಗಡ್ಯಾಗ ತೆಗಿಸೇನಿ. ಕುಪ್ಪೇಲೂರಾಗ ಜೇನು ಅದಾವ ಅಂತ ನೀವ ಹಾಕೀರಿ. ಮತ್ತ ಈ ಗದಿಗೆವ್ವ ನನ್ನ ಹತ್ತಿ ಔಷಧಾನ ಯಾಕ ಬೈತಾಳ?"

ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯಿತು ಸ್ನೇಹಾಳಿಗೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳು ವಾರಕ್ಕೊಮ್ಮೆ ಮೊದಲ ಬಸ್ಸಿಗೆ ಬಂದು, ಗದಿಗೆವ್ವನ ಕುಂಬಳದ ಹೂವಿಗೆ ಬರುವ ಜೇನು ಎಣಿಸಿ, ಯಾರು ಬೇಕಾದರೂ ನೋಡಬಹುದಾದ ಜಾಲತಾಣಕ್ಕೆ ಸೇರಿಸುತ್ತಿದ್ದಳು. ಒಂದೂ ಬಾರದ ದಿನ ಬರೆಯುವುದೇನು ಎಂದು ಬಿಟ್ಟಿದ್ದಳು. ಎಂಟು ವಾರಗಳಲ್ಲಿ ಆರು ಹಾಗೆಯೇ ಬಿಟ್ಟು ಹೋಗಿದ್ದವು. ಸುಳ್ಳು ಹೇಳಿರಲಿಲ್ಲ, ಆದರೂ ಅದು ಸುಳ್ಳಾಗಿತ್ತು.

ಅವನು ಹೋದ ಮೇಲೂ ಗದಿಗೆವ್ವ ತಲೆಯೆತ್ತದೆ, ಗಂಡು ಹೂವು ಹಿಡಿದು ಹೆಣ್ಣು ಹೂವಿಗೆ ಸವರುತ್ತಿದ್ದಳು. ಕೂಲಿಗೆ ಹೋದಲ್ಲಿ ಬೀಜದ ಹತ್ತಿಗೆ ಪರಾಗ ಸವರಿ ಕ್ರಾಸಿಂಗ್ ಮಾಡುವ ಕೈ ಅದು. ಈ ವರ್ಷ ಸ್ವಂತ ಹೊಲದಲ್ಲೂ ಜೇನಿನ ಕೆಲಸ ಅವಳ ಪಾಲಿಗೇ ಬಂದಿತ್ತು. ಕೈ ಮುಟ್ಟಿದಷ್ಟೇ ಕಾಯಿ. ಉಳಿದ ಹೀಚೆಲ್ಲ ಕೊಳೆತು ಉದುರುತ್ತಿದ್ದವು.

"ಟೀಚರ್, ಕ್ರಾಸಿಂಗ್ ಮಾಡಿದ ಒಂದೊಂದು ಹೂವಿಗೂ ನಾವು ದಾರ ಕಟ್ಟತೇವಿ. ಕಾಯಿ ಕಚ್ಚಲಿಲ್ಲ ಅಂತ ದಾರ ಬಿಚ್ಚಂಗಿಲ್ಲ. ಖಾಲಿ ದಾರ ಎಣಿಸಿದ್ರನ ಎಲ್ಲಿ ತಪ್ಪೇತಿ ಅಂತ ತಿಳಿತೈತಿ."

ಅಂದೇ ಸಂಜೆ ಸ್ನೇಹಾ ಆರು ಸೊನ್ನೆಗಳನ್ನೂ ತಾರೀಖು ಸಮೇತ ಸೇರಿಸಿದಳು. ಮೊದಲೇ ಬರೆಯದಿದ್ದುದು ತನ್ನ ತಪ್ಪು ಎಂದೂ ಬರೆದಳು. ನಾಚಿಕೆಯಾಯಿತು, ಎದೆ ಹಗುರವೂ ಆಯಿತು. ಮರುದಿನ ಹೊಸ ಹಾಳೆಯನ್ನು ಪ್ರಭುಲಿಂಗಪ್ಪನ ಕೈಗೇ ಕೊಟ್ಟಳು. ಅವನು ತಾರೀಖುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಆರೂ ಅವನು ಬೆಳಗ್ಗೆ ಔಷಧ ಹೊಡೆದ ವಾರಗಳೇ.

"ಸಂಜೀಕ ಹೊಡದ್ರ ನಡೀತೈತೇನ್ರಿ?"

"ಸಂಜೀಕ ಹೂವು ಮುಚ್ಚಿರತಾವ. ಜೇನೂ ಇರಂಗಿಲ್ಲ," ಎಂದಳು ಸ್ನೇಹಾ.

ಅವನು ಸಂಜೆ ಔಷಧ ಹೊಡೆಯತೊಡಗಿದ ನಾಲ್ಕನೆಯ ವಾರ, ಬಸ್ಸಿಳಿದು ಬಂದ ಸ್ನೇಹಾಳನ್ನು ಗದಿಗೆವ್ವ ಬದುವಿನ ಮೇಲೆಯೇ ಕೈಸನ್ನೆ ಮಾಡಿ ನಿಲ್ಲಿಸಿದಳು. ಹಳದಿ ಹೂವಿನೊಳಗಿಂದ ಒಂದು ಜೇನು ಮೈತುಂಬ ಪರಾಗ ಮೆತ್ತಿಕೊಂಡು ಎದ್ದು, ಪಕ್ಕದ ಹೂವಿಗೆ ಹೋಗಿ ಕುಳಿತಿತು. ಸೊನ್ನೆಗಳ ಕೆಳಗೆ 'ಒಂದು' ಎಂದು ಬರೆಯುವಾಗ ಸ್ನೇಹಾಳ ಕಣ್ಣು ಮಂಜಾದವು.

ಗದಿಗೆವ್ವ ಕೈಯಲ್ಲಿದ್ದ ಗಂಡು ಹೂವನ್ನು ಬದುವಿನ ಮೇಲಿಟ್ಟು, ಸೆರಗಿನಿಂದ ಬೆರಳು ಒರೆಸಿಕೊಂಡಳು.

"ಬರಕೋರಿ ಟೀಚರ್. ಕೆಲಸದಾಕಿ ಬಂದ್ಳು, ಇನ್ನ ನಾ ಒಂದೀಟು ಕುಂದ್ರತೇನಿ."