ಮದ್ದಳೆಯ ಬಾಲೆ ಪೀಠ ಬಿಟ್ಟಳು

“ಮತ್ತ ಆ ಸಾಲಿಗೇ ಹೋಗಿದ್ದಿ, ಹೌದಿಲ್ಲೋ? ಸುಳ್ಳು ಹೇಳಬ್ಯಾಡ, ಕಾಲಿಗೆ ಸೀಮೆಸುಣ್ಣದ ಧೂಳ ಹತ್ತೇತಿ!” ಮ್ಯೂಸಿಯಂ ಕಾವಲುಗಾರ ಗೂಳಪ್ಪ ಬಾಗಿಲಿಗೆ ಅಡ್ಡ ನಿಂತು ಕೂಗಾಡಿದ.

ಮದ್ದಳೆ ನುಡಿಸುವ ಶಿಲಾಬಾಲೆ ನಕ್ಕಳು. ಅವತ್ತು ಮ್ಯೂಸಿಯಂಗೆ ವಾರದ ರಜೆ; ಉಳಿದ ವಿಗ್ರಹಗಳೆಲ್ಲ ಎಂದಿನಂತೆ ಊರು ತಿರುಗಿ ಬಂದು ಆಗಲೇ ತಮ್ಮ ತಮ್ಮ ಪೀಠ ಹತ್ತಿದ್ದವು. ತಡವಾಗಿ ಬಂದವಳು ಇವಳೊಬ್ಬಳೇ.

“ಹೂಂ, ಹೋಗಿದ್ದೆ. ಹುಡುಗ್ಯಾರು ಸುತ್ತ ಕುಂತು ನನ್ನ ಚಿತ್ರ ಬರದ್ರು. ನನ್ನ ಕೆತ್ತಿದಾಂವ ಯಾರಂತ ಕೇಳಿದ್ರು, ಹೇಳಿದೆ.”

ಇಪ್ಪತ್ತು ವರ್ಷ ಅವಳ ಮೈಮೇಲಿನ ಧೂಳು ಒರೆಸಿದವನು ಗೂಳಪ್ಪ. ನೋಡಲು ಬಂದವರಿಗೆಲ್ಲ ‘ಶಿಲ್ಪಿ ಯಾರೆಂದು ತಿಳಿಯದು’ ಎನ್ನುತ್ತಾ ಬಂದವನೂ ಅವನೇ.

“ನನಗ ಒಂದ್ ದಿನಾನೂ ಹೇಳಲಿಲ್ಲಲ್ಲ! ನಿನ್ನೆ ಮೊನ್ನೆ ಕಂಡ ಚಿಳ್ಳೆಪಿಳ್ಳೆ ನಿನಗ ಹೆಚ್ಚಾದವೇನು?”

“ನೀ ಯಾವಾಗ ಕೇಳಿದ್ಯೋ ತಮ್ಮಾ? ನಿನ್ನ ಬಾಯಾಗ ನಾ ಕೇಳಿದ್ದು ‘ಮುಟ್ಟಬ್ಯಾಡ್ರಿ’ ಅನ್ನೋದೊಂದ.”

“ಹಂಗಾರ ಅವರ ಕಡೇನ ಹೋಗಿ ಬೀಳು! ಸಾಲಿ ಅಂಗಳದಾಗ ಕಾಗಿ ನಿನ್ನ ತಲಿಮ್ಯಾಲೆ ಹೇತಾಗ ನನ್ನ ನೆನಪಾಗತೈತಿ!”

ಅವಳು ಮದ್ದಳೆಯನ್ನು ಸೊಂಟಕ್ಕೆ ಬಿಗಿದುಕೊಂಡು, ಬಂದ ದಾರಿಯಲ್ಲೇ ಹೊರಟುಬಿಟ್ಟಳು. ಅವಳು ಗೇಟು ದಾಟುವಾಗ ಗೂಳಪ್ಪ ಹಿಂದಿನಿಂದ ಓಡಿಬಂದ. “ನಿನ್ನ ಕೆತ್ತಿದಾಂವನ ಹೆಸರರ ಹೇಳಿ ಹೋಗ ಮಾರಾಯ್ತಿ!” ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಅವಳು ಮತ್ತೆ ಬರಲೇ ಇಲ್ಲ. ಶಾಲೆ ಇರುವುದು ಕೂಗಳತೆ ದೂರದಲ್ಲಿ. ಒಂದನೆಯ ತರಗತಿಯ ಮಗುವಿಗೂ ಈಗ ಆ ಶಿಲ್ಪಿಯ ಹೆಸರು ಗೊತ್ತು. ಗೂಳಪ್ಪ ಮಾತ್ರ ಇವತ್ತಿಗೂ ಹೋಗಿ ಕೇಳಿಲ್ಲ.